ಹೂಂಗುಟ್ಟುವವರು

ಕೊಟ್ರಬಸಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಮನೆಯವರಿಗೆ ಗೊತ್ತಾದದ್ದು ಮಿಲ್ಲು ನಿಂತ ಮೇಲೆ. ಅಲ್ಲಿಯ ತನಕ ಯಾರಿಗೂ ಅನುಮಾನ ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ. ಕಂಪ್ಲಿಯಲ್ಲಿ ಅವರ ಮನೆಯ ಹಿಂಗೋಡೆಗೆ ಅಂಟಿಕೊಂಡೇ ಅಕ್ಕಿ ಮಿಲ್ಲು. ಬೆಳಿಗ್ಗೆ ಏಳಕ್ಕೆ ಮೋಟರು ಹಾಕಿದರೆ ಸಂಜೆ ಏಳಕ್ಕೇ ಆರಿಸುವುದು. ಅಷ್ಟು ಹೊತ್ತೂ ಆ ಮನೆಯಲ್ಲಿ ಬಾಯಿಗೆ ಕೆಲಸವಿಲ್ಲ, ಎಲ್ಲ ಕೈಯಲ್ಲೇ. ಹೆಬ್ಬೆರಳು ತುಟಿಗೆ ತಂದರೆ ಚಹಾ, ಐದು ಬೆರಳು ಕೂಡಿಸಿ ತಂದರೆ ಊಟ, ಮುಷ್ಟಿ ಮೇಲೆತ್ತಿದರೆ ಮೋಟರು ಆರಿಸು. ಅಂಗೈಯಿಂದ ಎದೆಗೆ ಎರಡು ಸಲ ತಟ್ಟಿಕೊಂಡರೆ ‘ನೀನೇ ಬಾ, ಬೇರೆಯವರನ್ನು ಕಳಿಸಬೇಡ’ ಎಂದರ್ಥ. ಈ ಕೊನೆಯ ಸನ್ನೆ ಗಂಡ ಮರುಳಸಿದ್ದಪ್ಪ ಮಿಲ್ಲಿನ ಬಾಗಿಲಲ್ಲಿ ನಿಂತು ಹೆಂಡತಿಗೊಬ್ಬಳಿಗೇ ಮಾಡುತ್ತಿದ್ದದ್ದು. ನಲವತ್ತನಾಲ್ಕು ವರ್ಷ ಸಂಸಾರ ಹೀಗೇ ನಡೆಯಿತು. ಸೊಸೆ ಶೈಲಜಾ ಸಂಡೂರಿನವಳು, ಡಿಗ್ರಿ ಓದಿದವಳು. ಅವಳೂ ಬಂದ ಮೂರು ತಿಂಗಳಲ್ಲಿ ಕೈಮಾತು ಕಲಿತಳು.

ಹೋದ ವರ್ಷ ಮಗ ವೀರೇಶ್ ಊರ ಹೊರಗೆ ದೊಡ್ಡ ಹೊಸ ಮಿಲ್ಲು ಕಟ್ಟಿದ. ಹಳೆಯ ಯಂತ್ರಗಳನ್ನು ಗುಜರಿಯವರು ಲಾರಿಗೆ ಹೇರಿಕೊಂಡು ಹೋದರು. ಮಾರನೆಯ ದಿನ ಮನೆಯಲ್ಲಿ ಫ್ಯಾನು ತಿರುಗುವ ಸದ್ದು ಕೇಳಿಸಿತೆಂದು ಒಂಬತ್ತನೆಯ ತರಗತಿಯ ಮೊಮ್ಮಗಳು ಸ್ಫೂರ್ತಿ ನಕ್ಕಿದ್ದೇ ನಕ್ಕಿದ್ದು. ಎಲ್ಲರೂ ಬಾಯಿಬಿಟ್ಟು ಮಾತಾಡತೊಡಗಿದರು. ಕೊಟ್ರಬಸಮ್ಮನಿಗೆ ಮಾತ್ರ ಏನೂ ಬದಲಾಗಲಿಲ್ಲ. ಮೊದಲು ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ, ಈಗ ಸದ್ದಿಲ್ಲದಾಗಲೂ ಕೇಳಿಸಲಿಲ್ಲ.

ಊಟಕ್ಕೆ ಕುಳಿತಾಗ ಎಲ್ಲರೂ ನಗುತ್ತಿದ್ದರು. ರೊಟ್ಟಿ ಬಡಿಸುತ್ತಾ ಅವಳು ಕೇಳುತ್ತಿದ್ದಳು, “ಏನಂತ? ಯಾಕ ನಗತೀರಿ?”

“ಏನಿಲ್ಲ ಬಿಡು ಅಜ್ಜಿ,” ಎನ್ನುತ್ತಿದ್ದಳು ಸ್ಫೂರ್ತಿ. ಆ ಮಾತು ತುಟಿ ನೋಡಿದರೇ ತಿಳಿಯುತ್ತಿತ್ತು. ದಿನಕ್ಕೆ ಐದಾರು ಸಲ ನೋಡಿ ನೋಡಿ ಅವಳಿಗೆ ಪಾಠವಾಗಿತ್ತು. ಏನಿಲ್ಲ ಬಿಡು. ಇಷ್ಟೆಲ್ಲ ನಗು ಏನೂ ಇಲ್ಲದೆ ಬರುತ್ತದೆಯೇ ಎಂದು ಅವಳು ಕೇಳಲಿಲ್ಲ. ಕೇಳಿದರೆ ಅದಕ್ಕೂ ಏನಿಲ್ಲ ಬಿಡು ಎಂದಾರು.

ಒಂದೇ ಒಂದು ಸಮಾಧಾನವಿತ್ತು. ಸಂಜೆ ಮರುಳಸಿದ್ದಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಮುಂಬಾಗಿಲ ಕಟ್ಟೆಯ ಮೇಲೆ ಕೂರುತ್ತಿದ್ದ. ಅವಳು ಮೊರ ತಂದು ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಾ ದಿನದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಗಂಡ ತಲೆಯಾಡಿಸುತ್ತಿದ್ದ. ಅವನು ಹೂಂ ಎನ್ನುವುದು ಕೇಳಿಸದಿದ್ದರೂ ತಲೆಯಾಡುವುದು ಕಾಣುತ್ತಿತ್ತಲ್ಲ. ಈ ಮನೆಯಲ್ಲಿ ತನ್ನ ಮಾತಿಗೆ ಕಿವಿಗೊಡುವ ಜೀವ ಒಂದಿದೆ ಎಂಬ ಆ ಒಂದು ತಾಸಿನ ಬಲದಲ್ಲಿ ಅವಳು ಉಳಿದ ಇಪ್ಪತ್ಮೂರು ತಾಸು ಕಳೆಯುತ್ತಿದ್ದಳು.

ಮರುಳಸಿದ್ದಪ್ಪನ ಕಿವಿಯೆಂದರೆ ಕಂಪ್ಲಿಯಲ್ಲೇ ಹೆಸರಾದ ಕಿವಿ. ಭತ್ತದ ಹೊಟ್ಟು ಸುಲಿಯುವ ರಬ್ಬರ್ ರೋಲು ಸವೆದಿದೆಯೋ ಇಲ್ಲವೋ ಎಂದು ಕಟ್ಟೆಯ ಮೇಲೆ ಕೂತೇ ಸದ್ದಿನಿಂದ ಹೇಳುತ್ತಿದ್ದ. ಆರು ವರ್ಷದ ಹಿಂದೆ ಒಂದು ದಿನ ರೋಲು ಸವೆದು, ಯಾರದೋ ಇಡೀ ಲೋಡು ಭತ್ತ ನುಚ್ಚಾಗಿ ಹೋಯಿತು. ಇಪ್ಪತ್ತು ವರ್ಷದಿಂದ ಯಂತ್ರ ನೋಡಿಕೊಳ್ಳುತ್ತಿದ್ದ ಬುಕ್ಕಸಾಗರದ ದುರುಗಣ್ಣನನ್ನು ಅವನು ಅವತ್ತೇ ಕೆಲಸದಿಂದ ಬಿಡಿಸಿದ. ಆ ಮನುಷ್ಯ ಎದುರು ಮಾತಾಡದೆ, ಹೆಗಲ ಟವೆಲು ಕೊಡವಿಕೊಂಡು ಹೊರಟುಹೋದ. ಮಿಲ್ಲಿನ ಯಜಮಾನನ ಕಿವಿಯ ಮೇಲೆ ಯಾರೂ ಸಂಶಯಪಡಲಿಲ್ಲ.

ಮಾರ್ಚಿ ತಿಂಗಳ ಪರೀಕ್ಷೆಯ ದಿನಗಳಲ್ಲಿ ಬಾಗಿಲಿನ ಗಲಾಟೆ ನಡೆಯಿತು. ಶೈಲಜಾ ಸಂಡೂರಿಗೆ ತವರಿಗೆ ಹೋಗಿದ್ದಳು, ವೀರೇಶ್ ಮಿಲ್ಲಿನಲ್ಲಿದ್ದ. ಮಂಗಗಳ ಕಾಟಕ್ಕೆ ಮುಂಬಾಗಿಲಿಗೆ ಒಳಗಿನಿಂದ ಚಿಲಕ. ಸ್ಫೂರ್ತಿ ಮಧ್ಯಾಹ್ನ ಹನ್ನೆರಡೂವರೆಗೆ ಬಂದವಳು ಬಾಗಿಲು ಬಡಿದಳು, ಬೆಲ್ಲು ಒತ್ತಿದಳು, ಕೂಗಿದಳು. ಅಡುಗೆಮನೆಯಲ್ಲಿ ಅಜ್ಜಿ, ಪಡಸಾಲೆಯಲ್ಲಿ ತಾತ. ಯಾರೂ ತೆಗೆಯಲಿಲ್ಲ. ಮುಕ್ಕಾಲು ತಾಸು ಬಿಸಿಲಲ್ಲಿ ನಿಂತು ತಲೆ ತಿರುಗಿ ಕಟ್ಟೆಯ ಮೇಲೆ ಕೂತಿದ್ದ ಹುಡುಗಿಯನ್ನು ಎದುರುಮನೆ ನಿಂಗಕ್ಕ ಕರೆದು ಮಜ್ಜಿಗೆ ಕುಡಿಸಿ ವೀರೇಶನಿಗೆ ಫೋನು ಮಾಡಿದಳು.

ಆ ಸಂಜೆ ಊಟಕ್ಕೆ ಕೂತಾಗ ವೀರೇಶ್ ತಾಯಿಯ ಎದುರಿಗೆ ಬಂದು, ಪ್ರತಿ ಮಾತನ್ನೂ ಒತ್ತಿ ಒತ್ತಿ ಹೇಳಿದ.

“ಯವ್ವಾ, ಕೂಸು ಬಿಸಿಲಾಗ ಬಿದ್ದು ಹೋಗಿದ್ರ ಏನು ಗತಿ?”

“ನನಗ ಕೇಳಿಸಲಿಲ್ಲಪ್ಪ.”

“ನಿಮಗ ಯಾವಾಗ ಕೇಳಿಸೈತಿ, ಅತ್ತಿ?” ಅಂದಳು ಸುದ್ದಿ ತಿಳಿದು ಸಂಜೆಗೇ ತವರಿನಿಂದ ಬಂದಿದ್ದ ಶೈಲಜಾ. ಆಮೇಲೆ ಮಾವನ ಕಡೆ ತಿರುಗಿದಳು. “ಮಾವಾರು ಎಲ್ಲಿದ್ರಿ?”

ಮರುಳಸಿದ್ದಪ್ಪ ಇನ್ನೊಂದು ರೊಟ್ಟಿ ಮುರಿದ. “ನಿದ್ದಿ ಹತ್ತಿತ್ತವ್ವ,” ಅಂದ.

ಸ್ಫೂರ್ತಿ ತಾತನ ಮುಖವನ್ನೇ ನೋಡಿದಳು. ಏನೋ ಹೇಳುವವಳಂತೆ ಬಾಯಿ ತೆರೆದು, ತಟ್ಟೆಯಲ್ಲಿದ್ದ ಬದನೆಕಾಯಿ ಎಣ್ಣೆಗಾಯಿಯನ್ನು ಬದಿಗೆ ತಳ್ಳಿ ಎದ್ದುಹೋದಳು. ಅವತ್ತಿನಿಂದ ಆ ಮನೆಯಲ್ಲಿ ಕೊಟ್ರಬಸಮ್ಮ ಅಧಿಕೃತವಾಗಿ ಕಿವುಡಿಯಾದಳು. ಟೀವಿಯ ಸದ್ದು ಓಣಿಯ ತುದಿಗೆ ಕೇಳಿಸುತ್ತಿದ್ದುದಕ್ಕೂ ಅವಳೇ ಕಾರಣವೆಂದು ತೀರ್ಮಾನವಾಯಿತು. ಅವಳೋ ಟೀವಿ ನೋಡುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

ವೀರೇಶ್ ಫೋನಿನಲ್ಲಿ ಒತ್ತಿ ಒಂದು ಕಿವಿ ಮಷೀನು ತರಿಸಿದ. ಅದನ್ನು ತುರುಕಿಕೊಂಡರೆ ಒಳಗೆ ಸಿಳ್ಳೆ ಹೊಡೆಯುತ್ತಿತ್ತು, ಒಂದು ಚಮಚ ಬಿದ್ದರೆ ಹತ್ತು ಚಮಚ ಬಿದ್ದಂತೆ. ಮನುಷ್ಯರ ಮಾತೊಂದು ಬಿಟ್ಟು ಎಲ್ಲವನ್ನೂ ದೊಡ್ಡದು ಮಾಡುವ ಆ ಸಾಮಾನನ್ನು ಅವಳು ಮೂರನೆಯ ದಿನ ಸಾಸಿವೆ ಡಬ್ಬಿಯಲ್ಲಿ ಇಟ್ಟಳು.

“ಡಾಕ್ಟರಿಗೆ ತೋರಿಸಬೇಕು ಅಜ್ಜಿ. ಕಿವಿ ಟೆಸ್ಟ್ ಮಾಡಿ, ನಿನ್ನ ಕಿವಿಗೆ ಸರಿ ಆಗೋದು ಕೊಡ್ತಾರ,” ಎಂದು ಸ್ಫೂರ್ತಿ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು.

“ಹೋಗು ಯವ್ವ, ರೊಕ್ಕಕ್ಕ ಯೋಚನಿ ಮಾಡಬ್ಯಾಡ,” ಅಂದ ವೀರೇಶ್. ಅದು ನಿಜ, ದುಡ್ಡಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಜೊತೆಗೆ ಬರುವವರಿಗೆ. ವೀರೇಶನಿಗೆ ಭತ್ತದ ಸುಗ್ಗಿ, ಶೈಲಜಾಳಿಗೆ ಮಗಳ ಪರೀಕ್ಷೆ.

“ನೀವರ ಬರ್ರಿ,” ಎಂದಳು ಗಂಡನಿಗೆ.

“ನಾನ್ಯಾಕ?” ಮರುಳಸಿದ್ದಪ್ಪ ಸಿಡುಕಿದ. “ವಯಸ್ಸಾದ ಮ್ಯಾಲ ಎಲ್ಲರಿಗೂ ಹಂಗ. ಅದಕ್ಯಾಕ ಊರೂರು ತಿರುಗೋದು? ಸುಮ್ಮನ ಮನಿಯಾಗ ಕುಂದ್ರು.”

ಕಿವಿಯ ಮಾತೆತ್ತಿದರೆ ಅವನಿಗೆ ಇಷ್ಟು ಸಿಟ್ಟು ಯಾಕೆ ಬರುತ್ತದೆಂದು ಅವಳಿಗೆ ತಿಳಿಯಲಿಲ್ಲ. ಏಪ್ರಿಲ್ ಎರಡನೆಯ ವಾರ ಒಂದು ಚೀಲದಲ್ಲಿ ನೀರಿನ ಬಾಟಲಿ, ಆಧಾರ್ ಕಾರ್ಡು ಇಟ್ಟುಕೊಂಡು ಒಬ್ಬಳೇ ಹೊಸಪೇಟೆ ಬಸ್ಸು ಹತ್ತಿದಳು. ಕಿವಿ ಡಾಕ್ಟರು ಕಿವಿಯ ಕೊಳೆ ತೆಗೆದು, ಒಳಗೆ ಬೆಳಕು ಬಿಟ್ಟು ನೋಡಿ, ಒಂದು ಚೀಟಿ ಬರೆದು ಕೊಟ್ಟರು. ಆ ಚೀಟಿ ಹಿಡಿದು, ಟಿ.ಬಿ. ಡ್ಯಾಂ ರಸ್ತೆಯ ಒಂದು ಮಹಡಿಯ ಮೇಲೆ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಭವ್ಯಳ ಎರಡು ಕೋಣೆಯ ಕ್ಲಿನಿಕ್ಕಿಗೆ ಹೋದಳು.

ಭವ್ಯ ಗಾದಿಗನೂರಿನ ಹುಡುಗಿ, ಇಪ್ಪತ್ತೆಂಟರ ಒಳಗಿನ ವಯಸ್ಸು. ಕುರ್ಚಿಯನ್ನು ಎಳೆದು ತಂದು ಕೊಟ್ರಬಸಮ್ಮನ ಎದುರಿಗೇ ಕೂತಳು. ಕೂಗಲಿಲ್ಲ, ಕೈ ಆಡಿಸಲಿಲ್ಲ. ಮುಖ ನೋಡಿ ನಿಧಾನವಾಗಿ ಕೇಳಿದಳು, ಅರ್ಧಕ್ಕರ್ಧ ತಿಳಿಯಿತು. ಹೀಗೆ ಎದುರು ಕೂತು ಯಾರಾದರೂ ತನ್ನನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಕೊಟ್ರಬಸಮ್ಮನ ಕಣ್ಣು ತುಂಬಿತು, ಸೆರಗಿನಿಂದ ಒರೆಸಿಕೊಂಡಳು.

“ನಿಮ್ಮ ಮನಿಯವರ ಹೆಸರೇನ್ರಿ ಅಮ್ಮ?”

ಅವಳು ನಕ್ಕು ಆಧಾರ್ ಕಾರ್ಡನ್ನು ಮುಂದಿಟ್ಟಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ, ಮುತ್ತೈದೆಯರ ನಡುವೆ ಒಡಪಿನ ಪದ್ಯ ಕಟ್ಟಿ. ಅದೇ ಮೊದಲು, ಅದೇ ಕೊನೆ.

ಮೆತ್ತೆ ಹೊಡೆದ ಗೋಡೆಯ ಸಣ್ಣ ಕೋಣೆಯಲ್ಲಿ ಅವಳನ್ನು ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಬೆರಳೆತ್ತಬೇಕೆಂದು ಭವ್ಯ ಹೇಳಿದಳು. ಗಾಜಿನ ಕಿಟಕಿಯ ಆಚೆ ಕೂತು ಗುಂಡಿ ಒತ್ತತೊಡಗಿದಳು. ಕೊಟ್ರಬಸಮ್ಮ ಚಕಚಕನೆ ಬೆರಳೆತ್ತಿದಳು. ಒಂದೂ ತಪ್ಪಲಿಲ್ಲ. ಐದು ನಿಮಿಷದ ಮೇಲೆ ಭವ್ಯ ಬಾಗಿಲು ತೆಗೆದು ಒಳಗೆ ಬಂದಳು.

“ಅಮ್ಮ, ನೀವು ಸದ್ದು ಕೇಳಾಕತ್ತಿಲ್ಲ. ನನ್ನ ಕೈ ನೋಡಾಕತ್ತೀರಿ.”

“ಮಿಲ್ಲಿನ ಮನಿಯವ್ವ ನಮ್ಮದು,” ಅಂದಳು ಕೊಟ್ರಬಸಮ್ಮ, ಕಳ್ಳತನ ಸಿಕ್ಕಿಬಿದ್ದವಳ ಹಾಗೆ. “ಕೈ ನೋಡಿನ ಬಾಳೇವು ಮಾಡೀವಿ.”

ಭವ್ಯ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. ಈಗ ಎದುರಿಗೆ ಬರೀ ಗೋಡೆ. ಎಷ್ಟೋ ಹೊತ್ತು ಏನೂ ಇಲ್ಲ. ಎಲ್ಲೋ ದೂರದಲ್ಲಿ ಹುಳ ಕೂಗಿದಂತೆ ಒಂದು ಸಣ್ಣ ದನಿ ಬಂದಾಗ ಅವಳು ಗಾಬರಿಯಿಂದ ಬೆರಳೆತ್ತಿದಳು. ಮತ್ತೆ ಏನೂ ಇಲ್ಲ. ಈ ಏನೂ ಇಲ್ಲದ ಜಾಗದಲ್ಲೇ ತಾನು ಇಷ್ಟು ವರ್ಷ ಇದ್ದೆನಲ್ಲ ಎಂದು ಅವಳಿಗೆ ಅವತ್ತು ಮೊದಲ ಸಲ ಸ್ಪಷ್ಟವಾಗಿ ಅನ್ನಿಸಿತು, ಭಯವಾಯಿತು.

ಭವ್ಯ ಗೆರೆ ಎಳೆದ ಕಾಗದ ತೋರಿಸಿ ಹೇಳಿದಳು, ಎರಡೂ ಕಿವಿ ಸೋತಿವೆ, ವಯಸ್ಸಿನದ್ದು ಸ್ವಲ್ಪ, ಮಿಲ್ಲಿನದ್ದು ಹೆಚ್ಚು. “ನಮ್ಮವ್ವ ಕಲ್ಲಿನ ಕ್ರಷರ್‌ನಾಗ ಕೂಲಿ ಮಾಡ್ತಿದ್ಳು. ಆಕೀಗೂ ಹಿಂಗ ಆತು. ಅದಕ್ಕಂತಲೇ ನಾ ಈ ಓದು ಓದಿದ್ದು. ನಿಮ್ಮ ಮಿಲ್ಲಿನಾಗ ಮತ್ತ್ಯಾರು ಇದ್ರಿ?”

“ನಮ್ಮ ಮನಿಯವರು ಇದ್ರು. ಅವರಿಗೆ ಚಲೋ ಕೇಳಸ್ತೈತಿ.”

ಮುಂದಿನ ವಾರ ಮತ್ತೆ ಒಬ್ಬಳೇ ಹೋಗಿ ಶ್ರವಣಯಂತ್ರ ಹಾಕಿಸಿಕೊಂಡಳು. ಎರಡು ಕಿವಿಗೆ ಎರಡು, ಕಿವಿಯ ಹಿಂದೆ ಹುಣಸೆಬೀಜದಷ್ಟು. ಭವ್ಯ ಕಂಪ್ಯೂಟರಿನಲ್ಲಿ ಏನೇನೋ ಹೊಂದಿಸಿ, “ಈಗ ನನ್ನ ಮಾತು ಕೇಳಸ್ತೈತೇನ್ರಿ ಅಮ್ಮ?” ಅಂದಳು. ಕೊಟ್ರಬಸಮ್ಮ ಬೆಚ್ಚಿ ತನ್ನ ಬಳೆ ಹಿಡಿದುಕೊಂಡಳು. ಬಳೆ ಸದ್ದು ಮಾಡಿತ್ತು.

“ಮೊದಲು ದಿನಕ್ಕ ಎರಡು ತಾಸು ಹಾಕ್ಕೊಳ್ರಿ, ಮನಿಯೊಳಗ. ಆಮ್ಯಾಲ ಹೆಚ್ಚು ಮಾಡ್ಕೊಂತ ಹೋಗ್ರಿ. ಎರಡು ವಾರ ಬಿಟ್ಟು ಬರ್ರಿ, ಇನ್ನಷ್ಟು ಸರಿ ಮಾಡಿ ಕೊಡ್ತೀನಿ. ಬರುವಾಗ ಒಬ್ಬರನ್ನ ಕರ್ಕೊಂಡು ಬರಬೇಕು. ದಿನಾ ನಿಮ್ಮ ಜೋಡಿ ಭಾಳ ಮಾತಾಡೋರು ಯಾರದಾರ, ಅವರನ್ನ. ಮಷೀನು ನಿಮಗ ಕೇಳೋದು ಕಲಸ್ತೈತಿ. ನಿಮ್ಮ ಜೋಡಿ ಮಾತಾಡೋದನ್ನ ಮನಿಯವರು ಕಲೀಬೇಕು.”

ಕೊಟ್ರಬಸಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ತನ್ನ ಜೋಡಿ ಭಾಳ ಮಾತಾಡುವವರು ಯಾರು?

ಮನೆಯಲ್ಲಿ ಮೊದಲ ದಿನ ಎಲ್ಲರೂ ಸುತ್ತ ನಿಂತರು. “ಹೆಂಗೈತಿ ಯವ್ವ?” ಅಂದ ವೀರೇಶ್. “ಚಲೋ ಐತಪ್ಪ.” ಅಲ್ಲಿಗೆ ಅದು ಮುಗಿಯಿತು. ಅವಳಿಗೆ ಕೇಳಿಸಲು ಶುರುವಾಯಿತು, ಆದರೆ ಅವಳೊಡನೆ ಮಾತಾಡುವ ರೂಢಿಯೇ ಆ ಮನೆಗೆ ತಪ್ಪಿಹೋಗಿತ್ತು. ಶೈಲಜಾ ಅಡುಗೆಮನೆಯಲ್ಲಿ ಹೆಬ್ಬೆರಳನ್ನು ತುಟಿಗೆ ತಂದು ತೋರಿಸಿದಳು.

“ಬಾಯಿಲೇ ಹೇಳು ಶೈಲಾ, ಕೇಳಸ್ತೈತಿ.”

“ರೂಢಿ, ಅತ್ತಿ,” ಅಂದಳು ಶೈಲಜಾ ನಾಚಿಕೊಂಡು. ಮಾರನೆಯ ದಿನ ಮತ್ತೆ ಹೆಬ್ಬೆರಳೇ ಬಂತು. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದು, ಪಡಸಾಲೆಯಲ್ಲಿ ಗಂಡಹೆಂಡಿರು ಮೆಲ್ಲಗೆ ಆಡಿಕೊಳ್ಳುವುದು, ಸ್ಫೂರ್ತಿ ಫೋನು ನೋಡಿ ಒಬ್ಬಳೇ ನಗುವುದು, ಎಲ್ಲ ಕೇಳಿಸಿತು. ಅದರಲ್ಲಿ ತನಗೆಂದು ಒಂದು ಮಾತೂ ಇರಲಿಲ್ಲ. ಮೊದಲಾದರೆ ತಪ್ಪನ್ನು ಕಿವಿಯ ಮೇಲೆ ಹಾಕಬಹುದಿತ್ತು.

ಟೀವಿಯಂತೂ ಎದೆಗೆ ಗುದ್ದಿದಂತೆ ಕೂಗುತ್ತಿತ್ತು. ಅವಳು ಹೋಗಿ ಸದ್ದು ಇಳಿಸಿದಳು. ಮರುಳಸಿದ್ದಪ್ಪ ರಿಮೋಟು ತೆಗೆದುಕೊಂಡು ಮತ್ತೆ ಏರಿಸಿದ.

“ಇಷ್ಟ್ಯಾಕ್ರಿ?”

ಅವನು ಟೀವಿಯತ್ತಲೇ ನೋಡುತ್ತಿದ್ದ. ಅವಳು ಬೇಸರವನ್ನು ನುಂಗಿಕೊಂಡು ಅಡುಗೆಮನೆಗೆ ನಡೆದಳು.

ಎರಡನೆಯ ವಾರದ ಒಂದು ಸಂಜೆ ಎಂದಿನಂತೆ ಕಟ್ಟೆಯ ಮೇಲೆ ಮೊರ ಹಿಡಿದು ಕೂತಳು. ಯಂತ್ರಗಳನ್ನು ಬೇಕೆಂದೇ ಹಾಕಿಕೊಂಡಿದ್ದಳು. ಇವತ್ತು ಗಂಡ ಹೂಂ ಎನ್ನುವುದನ್ನು ಕಿವಿಯಾರೆ ಕೇಳಬೇಕೆಂಬ ಆಸೆ.

“ನಿಂಗಕ್ಕನ ಎಮ್ಮಿ ಈದೈತ್ರಿ. ಹೆಣ್ಗರು.”

“ಹೂಂ,” ಅಂದ ಮರುಳಸಿದ್ದಪ್ಪ. ಎಷ್ಟು ವರ್ಷದ ಮೇಲೆ ಕೇಳಿದ ದನಿ. ಅವಳಿಗೆ ಹಿಗ್ಗಾಯಿತು.

“ಗಿಣ್ಣ ಕೊಡ್ತೀನಿ ಅಂದಾಳ. ನಾಳೆ ಬೆಳಿಗ್ಗೆ…” ಅಕ್ಕಿಯಲ್ಲಿ ಒಂದು ಹರಳು ಕಂಡಿತು. ಮಾತು ನಿಲ್ಲಿಸಿ, ತಲೆ ತಗ್ಗಿಸಿ ಹುಡುಕತೊಡಗಿದಳು.

“ಹೂಂ.”

ಅವಳು ತಲೆಯೆತ್ತಿದಳು. ಗಂಡ ಓಣಿಯ ಕಡೆ ನೋಡುತ್ತಿದ್ದ. ಅವಳು ಏನೂ ಹೇಳಲಿಲ್ಲ, ಸುಮ್ಮನೆ ಅಕ್ಕಿಯಲ್ಲಿ ಬೆರಳಾಡಿಸಿದಳು. ಸ್ವಲ್ಪ ಹೊತ್ತಾಯಿತು.

“ಹೂಂ,” ಅಂದು ಮರುಳಸಿದ್ದಪ್ಪ ತಲೆಯಾಡಿಸಿದ.

ಕೊಟ್ರಬಸಮ್ಮ ಮೊರ ಕೆಳಗಿಟ್ಟು, ಎದ್ದು, ಬಾಗಿಲ ಹಿಂದೆ ಹೋಗಿ ನಿಂತಳು. ಗಂಡನ ಬೆನ್ನು ಎರಡು ಮಾರು ದೂರ.

“ರೀ.”

ಬೆನ್ನು ಅಲುಗಲಿಲ್ಲ.

“ಏನ್ರಿ, ಇಲ್ಲಿ ನೋಡ್ರಿ.”

ಓಣಿಯಲ್ಲಿ ಒಂದು ಬೈಕು ಹೋಯಿತು. ಅವಳು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ನಲವತ್ತನಾಲ್ಕು ವರ್ಷ ಬಾಯಿಗೆ ತಾರದ ಹೆಸರನ್ನು, ಒಡಪಿಲ್ಲ ಏನಿಲ್ಲ, ಎದುರುಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿದಳು.

“ಮರುಳಸಿದ್ದಪ್ಪಾ.”

ಎದುರುಮನೆಯ ಕಿಟಕಿಯಲ್ಲಿ ನಿಂಗಕ್ಕ ಗಾಬರಿಯಿಂದ ಇಣುಕಿದಳು. ಮರುಳಸಿದ್ದಪ್ಪ ಓಣಿಯನ್ನೇ ನೋಡುತ್ತಾ, ಪಕ್ಕದಲ್ಲಿ ಹೆಂಡತಿ ಇಲ್ಲವೆಂಬುದೂ ತಿಳಿಯದೆ, ಇನ್ನೊಂದು ಸಲ ತಲೆಯಾಡಿಸಿದ.

ಅವಳು ಸುತ್ತಿ ಬಂದು ಅವನ ಮುಖಕ್ಕೆ ಎದುರಾಗಿ ಕೂತಳು. ಭವ್ಯ ತನ್ನೊಡನೆ ಮಾತಾಡಿದ ಹಾಗೆಯೇ ನಿಧಾನವಾಗಿ ಕೇಳಿದಳು.

“ಎಷ್ಟು ವರ್ಷಾತು ನಿಮಗ ಕೇಳಿಸದಂಗಾಗಿ?”

ಅವನು ಅವಳ ತುಟಿ ನೋಡಿದ, ಕಿವಿಯ ಹಿಂದಿನ ಯಂತ್ರ ನೋಡಿದ. ಸುಳ್ಳು ಹೇಳಲು ಜಾಗ ಉಳಿದಿರಲಿಲ್ಲ.

“ಆರೇಳು ವರ್ಷ.”

“ನಾ ಹೇಳಿದ್ದೆಲ್ಲಾ?”

“ಎದುರಿಗೆ ಇದ್ರ ತುಟಿ ನೋಡಿ ಒಂದೊಂದು ತಿಳೀತೈತಿ. ನೀ ತಲಿ ತಗ್ಗಿಸಿ ಅಕ್ಕಿ ಆರಸ್ತಿ. ಏನೂ ತಿಳಿಯಂಗಿಲ್ಲ.”

“ಮತ್ತ ಹೂಂ ಅಂತಿದ್ರಿ?”

“ನೀ ಮಾತಾಡಾಕತ್ತಿದ್ದಿಯಲ್ಲ,” ಅಂದ. “ನಿಲ್ಲಿಸಬಾರದು ಅಂತ.”

ಈ ಮಾತಿಗೆ ಅಳಬೇಕೋ ಬಯ್ಯಬೇಕೋ ಅವಳಿಗೆ ತಿಳಿಯಲಿಲ್ಲ. ಆಮೇಲೆ ಬಾಗಿಲು ನೆನಪಾಯಿತು.

“ಅವತ್ತು ಕೂಸು ಬಾಗಲಾ ಬಡಿದಾಗ ನಿದ್ದಿ ಹತ್ತಿತ್ತೇನು?”

“ಇಲ್ಲ.”

“ನನ್ನ ಒಬ್ಬಾಕಿನ್ನ ಕಿವುಡಿ ಮಾಡಿ ಕುಂತ್ರಿ.”

ಅವನು ಅದಕ್ಕೆ ಹೂಂ ಎನ್ನಲಿಲ್ಲ. ಕೊಟ್ರಬಸಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಆರು ವರ್ಷ ತಾನು ಹೇಳಿದ ಸುದ್ದಿ, ಸುಖ, ಸಂಕಟ, ತಾಯಿ ತೀರಿಕೊಂಡಾಗ ಇದೇ ಕಟ್ಟೆಯ ಮೇಲೆ ತೋಡಿಕೊಂಡ ದುಃಖ, ಎಲ್ಲ ಓಣಿಯ ಪಾಲಾಗಿತ್ತು. ಅಂಥ ಒಂಟಿತನ ಅವಳಿಗೆ ಪೂರ್ತಿ ಕಿವುಡಿಯಾಗಿದ್ದಾಗಲೂ ಗೊತ್ತಿರಲಿಲ್ಲ.

ಮಾರನೆಯ ಸಂಜೆ ಅವಳು ಕಟ್ಟೆಗೆ ಬರಲಿಲ್ಲ. ಅದರ ಮಾರನೆಯ ಸಂಜೆಯೂ ಇಲ್ಲ. ಮರುಳಸಿದ್ದಪ್ಪ ಒಬ್ಬನೇ ಕೂತಿದ್ದು, ಒಳಗೆ ತಿರುಗಿ, ಅಂಗೈಯಿಂದ ಎದೆಗೆ ಎರಡು ಸಲ ತಟ್ಟಿಕೊಂಡ. ಅಡುಗೆಮನೆಯಿಂದ ಅವಳಿಗೆ ಅದು ಕಂಡಿತು. ಕಂಡೂ ಅವಳು ಕೊತ್ತಂಬರಿ ಸೋಸುತ್ತಾ ಕೂತಳು.

ಆ ದಿನ ರಾತ್ರಿಯ ಊಟಕ್ಕೆ ಎಲ್ಲರೂ ಕೂತಿದ್ದಾಗ ಮರುಳಸಿದ್ದಪ್ಪ ತುತ್ತನ್ನು ತಟ್ಟೆಗಿಟ್ಟು, ಯಾರ ಮುಖವನ್ನೂ ನೋಡದೆ, ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ ಹೇಳಿದ.

“ಅವತ್ತು ಬಾಗಲಾ ಬಡಿದಿದ್ದು ನನಗೂ ಕೇಳಿಸಲಿಲ್ಲ. ನಿದ್ದಿ ಅಂದಿದ್ದು ಸುಳ್ಳು.”

“ಏನಂತೀಯಪ್ಪ?” ಅಂದ ವೀರೇಶ್.

“ನನಗೂ ಕಿವಿ ಇಲ್ಲ. ಟೀವಿ ಏರಸೋದೂ ನಾನ.”

ಶೈಲಜಾ ಅತ್ತೆಯ ಕಡೆ ನೋಡಿ ಕಣ್ಣು ಕೆಳಗೆ ಹಾಕಿದಳು. ಸ್ಫೂರ್ತಿ ಎದ್ದು ಬಂದು ತಾತನ ಎದುರಿಗೆ ಕೂತಳು.

“ನಿದ್ದಿ ಮಾಡಿರಲಿಲ್ಲಂತ ನನಗ ಗೊತ್ತಿತ್ತು ತಾತ. ಕಿಟಕಿಯಾಗ ನೋಡಿದ್ದೆ. ನೀನು ಆ ಕಡಿ ತಿರುಗಿ ಪೇಪರ್ ಓದಾಕತ್ತಿದ್ದಿ. ತಾತ, ತಾತ ಅಂತ ಎಷ್ಟು ಕರದೆ.”

“ಮತ್ತ ಯಾಕ ಯಾರಿಗೂ ಹೇಳಲಿಲ್ಲ?” ಅಂದ ತಾತ.

“ನೀನು ಬೇಕಂತಲೇ ಬರಲಿಲ್ಲ ಅಂದ್ಕೊಂಡೆ,” ಅಂದಳು ಹುಡುಗಿ. “ನಾ ನಿನಗ ಬ್ಯಾಡಾಗೇನಿ ಅಂತ.”

ತಾತನಿಗೆ ಆ ಮಾತು ಪೂರ್ತಿ ತಿಳಿಯಲಿಲ್ಲ, ಅವಳ ತುಟಿ ನಡುಗುತ್ತಿತ್ತು. ಅವನು ಹೆಂಡತಿಯ ಕಡೆ ನೋಡಿದ. ಕೊಟ್ರಬಸಮ್ಮ ಆ ಮಾತನ್ನು ಅವನ ಎದುರಿಗೆ ಕೂತು, ಒಂದೊಂದೇ ಪದ ಬಿಡಿಸಿ, ತಿರುಗಿ ಹೇಳಿದಳು. ಮರುಳಸಿದ್ದಪ್ಪ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟ. ಆ ರಾತ್ರಿ ಯಾರೂ ಹೆಚ್ಚು ಉಣ್ಣಲಿಲ್ಲ.

ಬೆಳಿಗ್ಗೆ ಅವಳು ತಿಂಡಿಗೆ ಉಗ್ಗಾಣಿ ಮಾಡಿಟ್ಟು, ಚೀಲ ಹಿಡಿದು ಬಾಗಿಲಿಗೆ ಬಂದಳು. ಅವತ್ತು ಹೊಸಪೇಟೆಗೆ ಹೋಗುವ ದಿನ. ಗಂಡ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದ. ಅವನಿಗೆ ಕಾಣುವ ಹಾಗೆ ನಿಂತು, ಅಂಗೈಯಿಂದ ಎದೆಗೆ ಎರಡು ಸಲ ತಟ್ಟಿಕೊಂಡಳು. ಆ ಸನ್ನೆಯನ್ನು ಅವಳು ಮಾಡಿದ್ದು ಅದೇ ಮೊದಲು. ಮರುಳಸಿದ್ದಪ್ಪ ಪೇಪರ್ ಮಡಚಿಟ್ಟು ಚಪ್ಪಲಿ ಮೆಟ್ಟಿದ.

“ಯಾರನ್ನ ಕರ್ಕೊಂಡು ಬಂದ್ರಿ ಅಮ್ಮ?” ಅಂದಳು ಭವ್ಯ.

“ನಾನ ಇವರನ್ನ ತೋರ್ಸಾಕ ಬಂದೀನಿ,” ಅಂದಳು ಕೊಟ್ರಬಸಮ್ಮ. “ಕುರ್ಚಿ ಗ್ವಾಡಿ ಕಡೆ ತಿರುವಿ ಹಾಕವ್ವ. ಅವರೂ ಕೈ ನೋಡ್ತಾರ.”

ಅವಳು ಗಾಜಿನ ಈಚೆ ಕೂತು ಗಂಡನ ಬೆನ್ನು ನೋಡಿದಳು. ಭವ್ಯ ಗುಂಡಿ ಒತ್ತಿದಾಗಲೆಲ್ಲ ಒಂದು ಸಣ್ಣ ದೀಪ ಹತ್ತುತ್ತಿತ್ತು. ಹತ್ತಿತು, ಆರಿತು. ಹತ್ತಿತು, ಆರಿತು. ಕುರ್ಚಿಯ ತೋಳಿನ ಮೇಲಿದ್ದ ಅವನ ಬೆರಳು ಏಳಲಿಲ್ಲ. ಏಳಲಿ ಎಂದು ಅವಳು ಮನಸ್ಸಿನಲ್ಲೇ ಕೊಟ್ಟೂರೇಶನಿಗೆ ಕೈಮುಗಿದಳು. ಎಷ್ಟೋ ದೀಪಗಳ ಮೇಲೆ, ಅನುಮಾನದಲ್ಲಿ, ಅದು ಅರ್ಧಕ್ಕೆ ಎದ್ದಿತು. ಅವಳ ಸಿಟ್ಟು ಇಳಿದದ್ದು ಆವಾಗ.

ಅವನಿಗೆ ಯಂತ್ರ ಸಿಗುವುದು ಮುಂದಿನ ವಾರ. ವಾಪಸ್ಸಿನ ಬಸ್ಸಿನಲ್ಲಿ ಅವಳು ರೂಢಿಯಂತೆ ಏನೋ ಹೇಳಹೋಗಿ ನಿಲ್ಲಿಸಿದಳು. ಕಮಲಾಪುರ ದಾಟಿತು. ಬುಕ್ಕಸಾಗರದ ಭತ್ತದ ಗದ್ದೆಗಳು ಕಂಡವು. ಆಗ ಮರುಳಸಿದ್ದಪ್ಪ ತಾನಾಗಿಯೇ ಮಾತು ಶುರುಮಾಡಿದ. ತನ್ನ ದನಿ ಎಷ್ಟು ದೊಡ್ಡದೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ, ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು.

“ಅವತ್ತು ನುಚ್ಚು ಬಂತಲ್ಲ, ಅದು ದುರುಗಣ್ಣನ ತಪ್ಪಲ್ಲ. ರೋಲು ಸವದೈತಿ, ಬದಲಿ ಮಾಡಾಣ ಅಂತ ಅವ ಮುಂಜಾನೆನ ಬಂದು ಹೇಳಿದ್ದ. ನನಗ ಕೇಳಿಸಲಿಲ್ಲ. ಹೂಂ ಅಂದು ಕಳಿಸಿದೆ. ಆಮ್ಯಾಲ ಮಂದಿ ಮುಂದ ಅವನ ಮ್ಯಾಲ ಹಾಕಿ ಬಿಡಿಸಿದೆ. ಅವ ಒಂದು ಮಾತಾಡಲಿಲ್ಲ. ನನಗ ಕಿವಿ ಇಲ್ಲಂತ ಅವನಿಗೊಬ್ಬನಿಗೆ ಗೊತ್ತಿತ್ತು.”

ಅವಳು ಸುಮ್ಮನಿರಿಸಲಿಲ್ಲ. ಬಸ್ಸಿನವರು ಕೇಳಿದರೆ ಕೇಳಲಿ. ಆರು ವರ್ಷದಲ್ಲಿ ಅವನು ಇಷ್ಟು ಮಾತಾಡಿದ್ದೇ ಇಲ್ಲ, ಇದರಲ್ಲಿ ಒಂದು ಪದವೂ ಅವಳಿಗೆ ತಪ್ಪಿಹೋಗಲಿಲ್ಲ.

“ನಾಳೆ ಇಲ್ಲಿಗೆ ಬಂದು ಅವನಿಗೆ ಹೇಳಲೇನು?” ಅಂದ ಮರುಳಸಿದ್ದಪ್ಪ, ಕಿಟಕಿಯ ಹೊರಗೆ ನೋಡುತ್ತಾ. “ನೀನೂ ಬರ್ತೀಯೇನು?”

“ಹೂಂ,” ಅಂದಳು ಕೊಟ್ರಬಸಮ್ಮ. ಆಮೇಲೆ ನೆನಪಾಗಿ, ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಕಾಣುವ ಹಾಗೆ ತಲೆಯಾಡಿಸಿದಳು.